ಅರವಟ್ಟಿಗೆಯ ಧರ್ಮವೂ ಉದ್ಯಾನದ ವೈ-ಫೈಯೂ

ಏನನ್ನೂ ಕೊಡದವನನ್ನು ಲೋಕವು ಜಿಪುಣನೆಂದು ಕರೆಯಬಹುದು. ಆದರೆ ಅವನು ಯಾರನ್ನೂ ವಂಚಿಸಿದನೆಂದು ಹೇಳಲಾರದು. ಕೊಡುವೆನೆಂದು ಊರಿಗೆಲ್ಲ ಸಾರಿ, ಬಂದವರಲ್ಲಿ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ, ಒಂದು ಹೊತ್ತು ಕೊಟ್ಟು ಇನ್ನೊಂದು ಹೊತ್ತು ಕೊಡದೆ ಇರುವವನ ಗತಿಯೇನು? ಅವನು ಜಿಪುಣನಿಗಿಂತ ಮೇಲಿನವನೋ ಕೆಳಗಿನವನೋ? ಮೇಲುನೋಟಕ್ಕೆ ಇದು ಸುಲಭವಾದ ಪ್ರಶ್ನೆಯಾಗಿ ತೋರುವದು. ಏನೂ ಇಲ್ಲದ್ದಕ್ಕಿಂತ ಅರ್ಧವಾದರೂ ಲೇಸಲ್ಲವೆ ಎಂದು ಯಾರಾದರೂ ಅಂದಾರು. ಆದರೆ ಸ್ವಲ್ಪ ನಿಂತು ವಿಚಾರಿಸಿದರೆ ಸಂಗತಿಯು ಅಷ್ಟು ಸರಳವಾಗಿಲ್ಲವೆಂದು ಕಂಡುಬರುವದು.

ಜನರು ಕಾಲ್ನಡಿಗೆಯಿಂದಲೇ ಊರೂರು ತಿರುಗುತ್ತಿದ್ದ ಕಾಲವನ್ನು ನೆನೆಯಬೇಕು. ವೈಶಾಖದ ಬಿಸಿಲಲ್ಲಿ ಒಬ್ಬ ದಾರಿಕಾರನು ಜಮಖಂಡಿಯಿಂದ ಬೀಳಗಿಯ ಕಡೆಗೆ ಹೊರಟಿರುವನು. ದಾರಿಯಲ್ಲಿ ಒಂದು ಬಾವಿ ಸಿಕ್ಕಿತು. ಮುಂದೆ ಹರದಾರಿಯ ಮೇಲೆ ಬೇವಿನ ಮರದ ಕೆಳಗೆ ಪುಣ್ಯವಂತರೊಬ್ಬರು ಅರವಟ್ಟಿಗೆಯನ್ನು ಇಟ್ಟಿರುವರೆಂದು ಅವನು ಕೇಳಿ ಬಲ್ಲನು. ಆದಕಾರಣ ಬಾವಿಗೆ ಇಳಿಯುವ ಶ್ರಮ ತೆಗೆದುಕೊಳ್ಳದೆ, ಚರಿಗೆಯನ್ನು ತುಂಬಿಕೊಳ್ಳದೆ ಮುಂದೆ ಸಾಗಿದನು. ಮರದ ಕೆಳಗೆ ಬಂದು ನೋಡಿದರೆ ಗಡಿಗೆಯು ಒಣಗಿರುವದು. ಈಗ ಆ ಅರವಟ್ಟಿಗೆಯ ಒಡೆಯನು, 'ನಾನು ಧರ್ಮಾರ್ಥವಾಗಿ ಇಟ್ಟದ್ದು. ಇದ್ದಾಗ ಕುಡಿ, ಇಲ್ಲದಾಗ ಹೋಗು' ಎಂದರೆ ಅದು ನ್ಯಾಯವಾದ ಮಾತಾದೀತೆ? ಅರವಟ್ಟಿಗೆ ಇಲ್ಲವೆಂದು ತಿಳಿದಿದ್ದರೆ ದಾರಿಕಾರನು ಬಾವಿಗೆ ಇಳಿಯುತ್ತಿದ್ದನು. ಒಣಗಿದ ಗಡಿಗೆಯು ಅವನಿಗೆ ನೀರನ್ನು ಕೊಡಲಿಲ್ಲವೆಂಬಷ್ಟೇ ಅಲ್ಲ. ಅವನ ಕೈಯಲ್ಲಿ ಇರಬಹುದಾಗಿದ್ದ ನೀರನ್ನು ಕಸಿದುಕೊಂಡಿತು. ಕನ್ನಡ ನಾಡಿನ ಶಾಸನಗಳಲ್ಲಿ ಅರವಟ್ಟಿಗೆಗೆ ಭೂಮಿಯನ್ನು ಬಿಟ್ಟುಕೊಟ್ಟ ಉಲ್ಲೇಖಗಳು ಸಿಗುವವು. ಗಡಿಗೆಯನ್ನು ಇಟ್ಟರೆ ಸಾಲದು, ಅದು ದಿನವೂ ತುಂಬುತ್ತಿರಲಿಕ್ಕೆ ಉತ್ಪನ್ನ ಬೇಕು ಎಂಬದನ್ನು ಹಿಂದಿನವರು ಬಲ್ಲವರಾಗಿದ್ದರು. ದಾನದ ಅರ್ಧ ಭಾಗವು ವಸ್ತುವಿನಲ್ಲಿ. ಉಳಿದರ್ಧ ಅದರ ನಿರ್ವಾಹದಲ್ಲಿ.

ಇಂದಿನ ಅರವಟ್ಟಿಗೆಗಳಲ್ಲಿ ಒಂದು, 'ಇಲ್ಲಿ ವೈ-ಫೈ ಉಚಿತ' ಎಂಬ ಫಲಕ. ವಿಹಾರಸ್ಥಳಗಳ ಬಾಗಿಲಲ್ಲಿಯೂ ನಿಲ್ದಾಣಗಳಲ್ಲಿಯೂ ಖಾನಾವಳಿಗಳಲ್ಲಿಯೂ ಇದು ಕಾಣುವದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರು ರಜೆಯ ದಿವಸ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಉದ್ಯಾನಗಳು ಹಲವು. ಸಮೀಪದಲ್ಲಿ ಆಲಮಟ್ಟಿಯ ಶಿಲಾವನ ಮತ್ತು ಸಂಗೀತ ಕಾರಂಜಿ. ಸ್ವಲ್ಪ ದೂರ ಹೋದರೆ ಶಿಗ್ಗಾವಿಯ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರರು ಹಳ್ಳಿಯ ಬದುಕನ್ನೇ ಮೂರ್ತಿಗಳಲ್ಲಿ ನಿಲ್ಲಿಸಿದ ಉತ್ಸವ ರಾಕ್ ಗಾರ್ಡನ್. ಇನ್ನೂ ದೂರಕ್ಕೆ, ಶಾಲೆಯ ಪ್ರವಾಸದಲ್ಲಿ ಹುಡುಗರು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಮುಟ್ಟುವ, 2005ರಲ್ಲಿ ಬಿಡದಿಯಲ್ಲಿ ತೆರೆದ ವಂಡರ್‌ಲಾ. ಇವುಗಳಲ್ಲಿ ಯಾವ ಒಂದರ ಹೆಸರು ಹಿಡಿದು ದೂರುವದು ಈ ಲೇಖನದ ಉದ್ದೇಶವಲ್ಲ. ಪ್ರಶ್ನೆಯು ಯಾವುದೊಂದು ಬಾಗಿಲಿನದಲ್ಲ, ಫಲಕದ್ದು.

ಮೊಬೈಲು ಈಗ ಮಾತನಾಡುವ ಸಾಧನವಷ್ಟೇ ಆಗಿ ಉಳಿದಿಲ್ಲ. ಪ್ರವೇಶದ ಚೀಟಿಯು ಅದರೊಳಗೆ. 2016ರಲ್ಲಿ ಯುಪಿಐ ಬಂದಂದಿನಿಂದ ರೊಕ್ಕದ ಚೀಲವೂ ಕ್ರಮೇಣ ಅದರೊಳಗೇ ಸೇರಿತು. ದಾರಿಯ ನಕಾಶೆ, ತಿರುಗಿ ಬರುವ ಬಸ್ಸಿನ ಟಿಕೀಟು, ಗುಂಪಿನಿಂದ ತಪ್ಪಿದವರನ್ನು ಹುಡುಕುವ ಉಪಾಯ, ಎಲ್ಲವೂ ಅಂಗೈಯಗಲದ ಆ ಒಂದು ಗಾಜಿನ ಹಿಂದೆ. ಹಿಂದೆ ಇವು ಐದಾರು ಬೇರೆ ಬೇರೆ ವಸ್ತುಗಳಾಗಿದ್ದವು. ಕಿಸೆಯ ರೊಕ್ಕ ಕಳೆದರೆ ಚೀಟಿ ಉಳಿಯುತ್ತಿತ್ತು; ಚೀಟಿ ಹರಿದರೆ ಜೊತೆಯವರು ಉಳಿಯುತ್ತಿದ್ದರು. ಈಗ ಎಲ್ಲವೂ ಒಂದೇ ಬ್ಯಾಟರಿಯ ಆಯುಷ್ಯಕ್ಕೆ ಗಂಟುಬಿದ್ದಿರುವವು.

ಈ ಆಯುಷ್ಯವು ಉದ್ಯಾನದಂಥ ಸ್ಥಳದಲ್ಲಿಯೇ ಬೇಗ ಮುಗಿಯುವದೇಕೆಂಬದನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು. ಯಾಕೆಂದರೆ ಇದರಲ್ಲಿ ಯಾರದು ದೈವ, ಯಾರದು ಹೊಣೆ ಎಂಬದು ಇಲ್ಲಿಯೇ ಬೇರ್ಪಡುವದು. ಮೊಬೈಲಿನೊಳಗಿನ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿಯು 1991ರಲ್ಲಿ ಮೊದಲು ಮಾರಾಟಕ್ಕೆ ತಂದಿತು. ಅದರ ಮೂಲಶೋಧಕ್ಕಾಗಿ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಅದು ಬಹಳ ನಂಬಿಕೆಯ ವಸ್ತುವೇ ಸರಿ. ಆದರೂ ಅದಕ್ಕೆ ಮುಪ್ಪು ಉಂಟು. ನೂರಾರು ಸಲ ತುಂಬಿ ಬರಿದಾದ ಮೇಲೆ ಅದರ ಹೊಟ್ಟೆಯು ಕುಗ್ಗುವದು, ಉಷ್ಣವು ಆ ಮುಪ್ಪನ್ನು ಇನ್ನೂ ಬೇಗ ತರುವದು. ಬಾಗಲಕೋಟೆ ಜಿಲ್ಲೆಯ ಚೈತ್ರ ವೈಶಾಖಗಳು ಅದಕ್ಕೆ ಹಿತವಾದ ಕಾಲವಲ್ಲ. ಬಿಸಿಲಲ್ಲಿ ತೆರೆಯು ಕಣ್ಣಿಗೆ ಕಾಣಬೇಕಾದರೆ ಅದರ ಬೆಳಕನ್ನು ಏರಿಸಬೇಕು, ಅದಕ್ಕೂ ಖರ್ಚು. ಚಿತ್ರ ತೆಗೆಯುವದಕ್ಕೂ ಖರ್ಚು. ಎಲ್ಲಕ್ಕೂ ಮಿಗಿಲಾಗಿ, ಸಂಕೇತವು ಕ್ಷೀಣವಾಗಿರುವಲ್ಲಿ ಮೊಬೈಲು ದೂರದ ಗೋಪುರಕ್ಕೆ ಕೇಳಿಸಲೆಂದು ತನ್ನ ದನಿಯನ್ನು ಏರಿಸುವದು, ಕಾಣೆಯಾದ ಗೋಪುರವನ್ನು ಮತ್ತೆ ಮತ್ತೆ ಹುಡುಕುವದು. ಕಿವುಡನೊಡನೆ ಮಾತಾಡುವವನ ಗಂಟಲು ಒಣಗುವಂತೆ ಅದರ ಶಕ್ತಿಯೂ ಒಣಗುವದು. ಜೇಬಿನಲ್ಲಿ ಸುಮ್ಮನೆ ಇಟ್ಟ ಮೊಬೈಲು ಮಧ್ಯಾಹ್ನಕ್ಕೆ ಅರ್ಧವಾಯಿತೇಕೆ ಎಂದು ಬೆರಗಾಗುವವರು ಇದನ್ನು ತಿಳಿಯತಕ್ಕದ್ದು.

ವೈ-ಫೈಯ ಸಂಗತಿಯಾದರೋ ಇನ್ನೂ ವಿಚಿತ್ರ. ಅದು ಕಾಲುವೆಯ ನೀರಿನಂತೆ ಒಬ್ಬೊಬ್ಬರ ಹೊಲಕ್ಕೆ ಬೇರೆ ಬೇರೆಯಾಗಿ ಹರಿಯುವಂಥದಲ್ಲ. ಒಂದು ಯಂತ್ರದ ಕೆಳಗಿರುವ ಮೊಬೈಲುಗಳೆಲ್ಲ ಒಂದೇ ಗಾಳಿಯನ್ನು ಸರತಿಯಿಂದ ಹಂಚಿಕೊಳ್ಳಬೇಕು. ಒಂದು ನುಡಿಯುವಾಗ ಉಳಿದವು ಸುಮ್ಮನಿರಬೇಕು. ಹಳೆಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂಥ ಮಾರ್ಗಗಳು ಮೂರೇ. ಅದಲ್ಲದೆ ಆ ತರಂಗಗಳನ್ನು ನೀರು ಹೀರುವದು. ಮನುಷ್ಯನ ದೇಹವೋ ಬಹುಮಟ್ಟಿಗೆ ನೀರೇ. ಹೀಗಾಗಿ ಮುಂಜಾನೆ ಬರಿದಾದ ಅಂಗಳದಲ್ಲಿ ಪರೀಕ್ಷಿಸಿ 'ಚೆನ್ನಾಗಿದೆ' ಎಂದು ಬರೆದುಕೊಂಡ ಸೌಕರ್ಯವು ಮಧ್ಯಾಹ್ನದ ಜನಜಂಗುಳಿಯಲ್ಲಿ ಜನರಿಂದಲೇ ಮುಚ್ಚಿಹೋಗುವದು. ಯಾವಾಗ ಹೆಚ್ಚು ಮಂದಿಗೆ ಬೇಕೋ ಆವಾಗಲೇ ಅದು ಇಲ್ಲವಾಗುವದು. ಇನ್ನೊಂದು ತೊಡಕನ್ನು ನೋಡಿರಿ. ಬಳಸುವವನ ಗುರುತು ತಿಳಿದಿರಬೇಕೆಂಬ ನಿಯಮಕ್ಕಾಗಿ ಸಾರ್ವಜನಿಕ ವೈ-ಫೈಯು ಮೊದಲು ಮೊಬೈಲಿನ ಸಂಖ್ಯೆಯನ್ನು ಕೇಳಿ ಅದಕ್ಕೆ ಓಟಿಪಿಯನ್ನು ಕಳಿಸುವದು. ಓಟಿಪಿ ಬರಬೇಕಾದರೆ ಮೊಬೈಲಿನ ಸಂಕೇತ ಬೇಕು. ಸಂಕೇತ ಇಲ್ಲವೆಂತಲೇ ಅವನು ವೈ-ಫೈಯನ್ನು ಬೇಡಿದ್ದು! ಮನೆಯ ಬೀಗದ ಕೈಯನ್ನು ಮನೆಯೊಳಗೆ ಇಟ್ಟು ಬಾಗಿಲು ಹಾಕಿದಂತಾಯಿತು.

ಬನಹಟ್ಟಿಯ ನೇಕಾರನೊಬ್ಬನು ತಾಯಿ, ಹೆಂಡತಿ, ಇಬ್ಬರು ಮಕ್ಕಳೊಡನೆ ಇಂಥದೊಂದು ಉದ್ಯಾನಕ್ಕೆ ಹೋದನೆಂದು ಎಣಿಸೋಣ. ಮಗ್ಗವನ್ನು ಒಂದು ದಿನ ನಿಲ್ಲಿಸಿದರೆ ಒಂದು ದಿನದ ಕೂಲಿ ಹೋಗುವದು. ಆದರೂ ಮಕ್ಕಳ ಸಂತೋಷಕ್ಕೆಂದು ಹೊರಟನು. ಬುತ್ತಿಯಲ್ಲಿ ರೊಟ್ಟಿಯೂ ಶೇಂಗಾದ ಹಿಂಡಿಯೂ ಉಂಟು. ಮೊಬೈಲು ಮೂರು ವರುಷದ್ದು. ಅದನ್ನು ಬದಲಿಸುವದು ಸಾಧ್ಯವಾಗಿಲ್ಲ. ಬಾಗಿಲಲ್ಲಿ ಫಲಕವನ್ನು ಓದಿ, ರೊಕ್ಕವೂ ಅದರಲ್ಲಿ, ಮಾತೂ ಅದರಲ್ಲಿ ಆಗುವದಲ್ಲ ಎಂದು ಕೈಯಲ್ಲಿದ್ದ ನಾಲ್ಕು ನೋಟುಗಳನ್ನು ಮಕ್ಕಳ ಆಟಕ್ಕೆ ಒಡೆದನು. ಇಳಿಹೊತ್ತಿಗೆ ತಾಯಿಯು ಜನಜಂಗುಳಿಯಲ್ಲಿ ಹಿಂದೆ ಬಿದ್ದಳು. ಅವಳಿಗೆ ಮಗನ ಸಂಖ್ಯೆಯು ಬಾಯಿಪಾಠವಿಲ್ಲ. ಯಾಕೆಂದರೆ ಸಂಖ್ಯೆಗಳನ್ನು ನೆನಪಿಡುವ ಕೆಲಸವನ್ನೂ ಮೊಬೈಲಿಗೇ ಒಪ್ಪಿಸಲಾಗಿದೆ. ಅವನ ಮೊಬೈಲಿನಲ್ಲಿ ನೂರಕ್ಕೆ ಮೂರು ಪಾಲು ಉಳಿದಿದೆ; ವೈ-ಫೈಯು ಸುತ್ತುತ್ತಲೇ ಇದೆ. ಬಸ್ಸಿನ ಖರ್ಚಿಗೆ ಬೇಕಾದ ರೊಕ್ಕವು ಬ್ಯಾಂಕಿನಲ್ಲಿ ಸುರಕ್ಷಿತವಾಗಿದೆ, ಕೈಗೆ ಮಾತ್ರ ಬಾರದು. ಇವನು ಬಡವನೂ ಅಲ್ಲ, ಅನಾಥನೂ ಅಲ್ಲ. ಆದರೆ ಆ ಒಂದು ತಾಸು ಎರಡೂ ಆಗಿ ನಿಂತಿರುವನು.

ಅವನ ಬಳಿಯಲ್ಲಿ ನಿಂತ, ಹೊಸ ಮೊಬೈಲೂ ಕೈಚೀಲದಲ್ಲಿ ಪವರ್ ಬ್ಯಾಂಕೂ ಉಳ್ಳ ಶ್ರೀಮಂತನಿಗೆ ಈ ತೊಂದರೆಯೇ ಇಲ್ಲ. ಎಲ್ಲರಿಗೂ ಸಮವೆಂದು ಸಾರಿದ ಸೌಕರ್ಯದ ಕೊರತೆಯು ಎಲ್ಲರಿಗೂ ಸಮವಾಗಿ ಬೀಳಲಿಲ್ಲವೆಂಬದನ್ನು ಇಲ್ಲಿ ಗುರುತಿಸತಕ್ಕದ್ದು.

ಇದಕ್ಕೆ ಉದ್ಯಾನದ ಒಡೆಯರ ಕಡೆಯವರು ಹೇಳುವ ಉತ್ತರವನ್ನು ಊಹಿಸುವದು ಕಠಿಣವಲ್ಲ. 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ' ಎಂಬ ಗಾದೆಯನ್ನು ಅವರು ಎತ್ತಬಹುದು. ನೇಕಾರರ ನಾಡಿಗೆ ಒಪ್ಪುವ ಗಾದೆಯೇ ಸರಿ. ಆದರೆ ಈ ದಟ್ಟಿಯು ಧರ್ಮದ್ದೆಂಬದು ಮೊದಲು ಸಿದ್ಧವಾಗಬೇಕಷ್ಟೆ. ಬಾಗಿಲಲ್ಲಿ ರೊಕ್ಕ ತೆಗೆದುಕೊಂಡು ಒಳಗೆ 'ಉಚಿತ' ಎನ್ನುವದರಲ್ಲಿ ಆ ಶಬ್ದಕ್ಕೆ ಅರ್ಥವು ಸ್ವಲ್ಪವೇ ಉಳಿಯುವದು. ಅಲ್ಲದೆ ಆ ಫಲಕವು ಜನರನ್ನು ಸೆಳೆಯಲಿಕ್ಕೆ ಹಾಕಿದ್ದು. ಸೆಳೆದುದರ ಲಾಭವನ್ನು ಪಡೆದವನು ನುಡಿದ ಮಾತಿನ ಭಾರವನ್ನು ಹೊರಲಾರೆನೆಂದರೆ ಹೇಗೆ? ನಿಜವಾಗಿ ಧರ್ಮಾರ್ಥವೇ ಆಗಿದ್ದರೂ ಒಣಗಿದ ಅರವಟ್ಟಿಗೆಯ ನ್ಯಾಯವು ಉಳಿದೇ ಇರುವದು. ನಂಬಿ ಬಂದವನು ತನ್ನ ಬೇರೆ ಸಿದ್ಧತೆಯನ್ನು ಬಿಟ್ಟು ಬಂದನು. ಆ ಬಿಡುವಿಕೆಗೆ ಕಾರಣವಾದ ಮಾತು ಯಾರದೋ, ಹೊಣೆಯ ಒಂದು ಪಾಲು ಅವರದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದದ್ದು. ಮನುಷ್ಯನು ಒಂದು ಯಂತ್ರವನ್ನು ಇಷ್ಟೊಂದು ನೆಚ್ಚಿಕೊಂಡದ್ದೇ ತಪ್ಪಲ್ಲವೆ? ನೆಚ್ಚಿಕೊಂಡವನು ಅದರ ಫಲವನ್ನು ಉಣ್ಣಲಿ ಎಂದು ವಿರಕ್ತರು ಹೇಳಬಹುದು. ರಬಕವಿ-ಬನಹಟ್ಟಿಗಳ ಜನರಿಗೆ ಈ ವಾದವು ಹೊಸದಲ್ಲ. ಕೈಮಗ್ಗದ ಮುಂದೆ ಕುಳಿತವನಿಗೆ ಅವನ ಕೈಕಾಲುಗಳೇ ಶಕ್ತಿ. ವಿದ್ಯುತ್ತು ಇದ್ದರೇನು, ಹೋದರೇನು? ಪವರ್‌ಲೂಮು ಬಂದಿತು; ಬಟ್ಟೆ ಹೆಚ್ಚಾಯಿತು, ಬೆನ್ನುನೋವು ಕಡಿಮೆಯಾಯಿತು; ಅದರೊಡನೆ ಕರೆಂಟು ಹೋದ ಕ್ಷಣಕ್ಕೆ ಓಣಿಯ ಸದ್ದೆಲ್ಲ ಒಮ್ಮೆಲೇ ನಿಲ್ಲುವ ಆ ವಿಚಿತ್ರ ಮೌನವೂ ಬಂದಿತು. ಮುಧೋಳದ ಕಬ್ಬಿನ ಹೊಲದವನೂ ಇದನ್ನು ಬಲ್ಲನು. ಪಂಪಿಗೆ ಕೆಲವೇ ತಾಸು ಕರೆಂಟು ಬರುವದರಿಂದ ಸರಿರಾತ್ರಿಯಲ್ಲಿ ಎದ್ದು ಹೊಲಕ್ಕೆ ನಡೆಯುವನು. ಆದರೂ ಇವರನ್ನು ಕುರಿತು 'ನಿಮಗೇಕೆ ಬೇಕಾಗಿತ್ತು ಯಂತ್ರ?' ಎಂದು ಕೇಳುವದು ನಿಷ್ಠುರವಾದ ಮಾತು. ನೆಚ್ಚುವದು ದೋಷವಲ್ಲ. ಮಗುವು ತಾಯಿಯನ್ನು, ಒಕ್ಕಲಿಗನು ಮಳೆಯನ್ನು, ರೋಗಿಯು ವೈದ್ಯನನ್ನು ನೆಚ್ಚಿಯೇ ಬದುಕುವರು. ಇನ್ನೊಬ್ಬನನ್ನು ನೆಚ್ಚಿಸಿ ತಾನು ಕೈಬಿಡುವದು ದೋಷ. ಸರತಿಯಿಂದ ಕರೆಂಟು ಬರುವದೆಂದು ಮುಂಚಿತವಾಗಿ ತಿಳಿಸಿದರೆ ಒಕ್ಕಲಿಗನು ಅದಕ್ಕೆ ತಕ್ಕಂತೆ ನಿದ್ದೆಯನ್ನು ಹೊಂದಿಸಿಕೊಳ್ಳುವನು. ತಿಳಿಸದೆ ತಪ್ಪಿಸಿದರೆ ಅವನಿಗೆ ನಿದ್ದೆಯೂ ಇಲ್ಲ, ನೀರೂ ಇಲ್ಲ. ಕೊರತೆಗಿಂತ ಅನಿಶ್ಚಯವು ಹೆಚ್ಚು ಕಾಡುವದು.

ಆಲಮಟ್ಟಿಯ ವಿಷಯದಲ್ಲಿ ಇನ್ನೊಂದು ಮಾತು ನೆನಪಿಗೆ ಬರುವದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆ ಆಣೆಕಟ್ಟಿಗೆ ಅಡಿಗಲ್ಲನ್ನು ಇಟ್ಟರು. ಅದರ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಹೊಲಮನೆಗಳೂ ಬಾಗಲಕೋಟೆಯ ತಗ್ಗಿನ ಓಣಿಗಳೂ ಮುಳುಗಿದವು. ಅದರ ಬುಡದ ವಿದ್ಯುದಾಗಾರದ ಶಕ್ತಿಯು 290 ಮೆಗಾವ್ಯಾಟು. ಹೊಲವನ್ನು ನೀರಿಗೆ ಬಿಟ್ಟುಕೊಟ್ಟವರ ಮೊಮ್ಮಗನು ಅದೇ ಆಣೆಕಟ್ಟಿನ ಬದಿಯ ಉದ್ಯಾನದಲ್ಲಿ ಮೊಬೈಲಿಗೆ ಚಾರ್ಜು ಹಚ್ಚಲು ಒಂದು ತೂತನ್ನು ಹುಡುಕುತ್ತ ತಿರುಗಿದರೆ, ಅವನು ಬೇಡುವದು ಭಿಕ್ಷೆಯೆಂದು ಯಾರು ಅಂದಾರು?

ಇಷ್ಟಾದರೂ ಹಳೆಯ ಕಾಲವೇ ಲೇಸಾಗಿತ್ತೆಂಬ ತೀರ್ಮಾನಕ್ಕೆ ಧಾವಿಸಬಾರದು. ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆಗೆ ಈ ನಾಲ್ಕೂ ತಾಲೂಕಿನವರು ತಲೆಮಾರುಗಳಿಂದ ಹೋಗುತ್ತಿರುವರು. ಪುಷ್ಯದ ಹುಣ್ಣಿಮೆಯ ತೇರು, ನಾಟಕ ಕಂಪನಿಗಳ ಡೇರೆಗಳು, ರಾತ್ರಿಯೆಲ್ಲ ದೀಪ. 'ತಪ್ಪಿಸಿಕೊಂಡರೆ ದೀಪಸ್ತಂಭದ ಕೆಳಗೆ ಬಂದು ನಿಲ್ಲು' ಎಂಬಂಥ ಒಂದು ಗೊತ್ತನ್ನು ಹಿರಿಯರು ಮಾಡಿಕೊಂಡು ಒಳಗೆ ಹೊಗುವರು. ಕಲ್ಲಿನ ಕಂಬಕ್ಕೆ ಚಾರ್ಜು ಬೇಡ, ಅದು ಯಾರಿಗೂ ಓಟಿಪಿಯನ್ನು ಕೇಳದು. ಆದರೆ ಎಲ್ಲ ಜಾತ್ರೆಗಳಲ್ಲಿಯೂ ಎಲ್ಲ ಮಕ್ಕಳೂ ಕಂಬದ ಕೆಳಗೆ ಸಿಕ್ಕರೆ? ಧ್ವನಿವರ್ಧಕದಲ್ಲಿ ಅಳುವ ಕೂಸಿನ ಅಂಗಿಯ ಬಣ್ಣವನ್ನು ಸಾರುತ್ತಿದ್ದುದನ್ನು ಕೇಳಿದ ತಾಯಂದಿರ ಎದೆ ಏನಾಗುತ್ತಿತ್ತೆಂಬದನ್ನು ಮರೆತು ಹಿಂದಿನದನ್ನು ಹೊಗಳುವದು ಸಲ್ಲದು. ಮೊಬೈಲು ಬಂದುದರಿಂದ ಒಬ್ಬಳೇ ಪ್ರವಾಸ ಮಾಡುವ ಹೆಣ್ಣುಮಗಳಿಗೆ ಬಂದ ಧೈರ್ಯವು ಸಣ್ಣ ಲಾಭವಲ್ಲ.

ಆದರೆ ಲಾಭದೊಡನೆ ಒಂದು ಹೊಸ ಅಪರಾಧವೂ ಹುಟ್ಟಿತು. ಅದು ಸಿಗದೆ ಇರುವ ಅಪರಾಧ. ಹಿಂದೆ ಜಾತ್ರೆಗೆ ಹೋದವನು ಎರಡು ದಿವಸ ಸುದ್ದಿಯಿಲ್ಲದೆ ಇದ್ದರೆ ಮನೆಯವರು 'ಜಾತ್ರೆಯಲ್ಲಿರುವನು' ಎಂದಿಷ್ಟೇ ಅನ್ನುತ್ತಿದ್ದರು. ಈಗ ಎರಡು ತಾಸು ಮೊಬೈಲು ಆರಿದರೆ ಮನೆಯಲ್ಲಿ ಊಟ ಸೇರದು. ತಿರುಗಿ ಬಂದವನು ಕೈಕಾಲು ತೊಳೆಯುವ ಮೊದಲು ಸಮಜಾಯಿಷಿ ಕೊಡಬೇಕು. ಮುಧೋಳದ ರನ್ನ ಕವಿಯು ತನ್ನ ಕಾವ್ಯಕ್ಕೆ ಆರಿಸಿಕೊಂಡ ಪ್ರಸಂಗದಲ್ಲಿ ಸಾಕ್ಷಾತ್ ಚಕ್ರವರ್ತಿಯೇ ಯಾರಿಗೂ ಸಿಗಬಾರದೆಂದು ವೈಶಂಪಾಯನ ಸರೋವರವನ್ನು ಹೊಕ್ಕು ಕುಳಿತನು. ಭೀಮನ ಗರ್ಜನೆಯು ಅಲ್ಲಿಗೂ ಮುಟ್ಟಿತು. ಈಗಿನವರಿಗೆ ಆ ಸರೋವರವೂ ಉಳಿದಿಲ್ಲ. ಬ್ಯಾಟರಿಯ ಮುಗಿತವು ಮೊದಲು ಬರಿಯ ಅನನುಕೂಲವಾಗಿತ್ತು. ಎಲ್ಲರೂ ಎಲ್ಲ ಹೊತ್ತಿನಲ್ಲಿ ಸಿಗಬೇಕೆಂಬ ನಿರೀಕ್ಷೆಯು ಬೆಳೆದ ಮೇಲೆ ಅದು ಕರ್ತವ್ಯಲೋಪದ ಹಾಗೆ ಎಣಿಸಲ್ಪಡುತ್ತದೆ. ಇದನ್ನು ಯಾವ ಉದ್ಯಾನದವರೂ ಮಾಡಲಿಲ್ಲ. ಮನೆಮನೆಯವರೂ ಕೂಡಿ ಮಾಡಿದರು. ಆದ್ದರಿಂದ ಹೊಣೆಯನ್ನು ಹಂಚುವಾಗ ಮನೆಯ ಪಾಲನ್ನು ಮರೆಯಲಾಗದು. ಹೊರಡುವ ಮುಂಚೆ 'ಸಂಜೆಯವರೆಗೆ ಮಾತು ಸಿಗಲಿಕ್ಕಿಲ್ಲ' ಎಂದು ಹೇಳಿ ಹೋಗುವ, ಅದನ್ನು ಕೇಳಿ ಸುಮ್ಮನಿರುವ ಪದ್ಧತಿಯು ಮತ್ತೆ ಬರಬಾರದೇಕೆ?

ಸಂದರ್ಶಕನ ಪಾಲೂ ಉಂಟು. ಮುಂಜಾನೆಯಿಂದ ಪ್ರತಿಯೊಂದು ಮೂರ್ತಿಯ ಮುಂದೆಯೂ ಚಿತ್ರ ತೆಗೆದು, ಅದನ್ನು ಅಲ್ಲಿಯೇ ಊರವರಿಗೆಲ್ಲ ಕಳಿಸಿ, ಸಂಜೆಗೆ 'ಚಾರ್ಜಿಲ್ಲ' ಎಂದು ಒಡೆಯರನ್ನು ಬೈಯುವವನ ದೂರಿನಲ್ಲಿ ಅರ್ಧವನ್ನು ಕಳೆಯಬೇಕು. ಒಬ್ಬನ ಚಲಚ್ಚಿತ್ರವು ಮೇಲೇರುವಾಗ ಇನ್ನೊಬ್ಬನ ಕಳೆದ ತಾಯಿಯ ಕರೆಯು ಸರತಿಯಲ್ಲಿ ನಿಲ್ಲುವದೆಂಬದು ಅವನಿಗೆ ಕಾಣದು. ಗಾಳಿಯಲ್ಲಿ ಆಗುವ ನೂಕುನುಗ್ಗಲು ಕಣ್ಣಿಗೆ ಬೀಳುವಂಥದಲ್ಲ.

ವಿಚಾರವು ಇಲ್ಲಿಗೆ ಬಂದಾಗ ಹೊರದೇಶದ ಒಂದು ಉದಾಹರಣೆಯು ನೆರವಾಗುವದು. ಅಮೇರಿಕೆಯ ಡಿಸ್ನಿ ಉದ್ಯಾನಗಳಲ್ಲಿ 1999ರಿಂದ ಸರತಿಯನ್ನು ಕಾಯದೆ ಆಟಕ್ಕೆ ಹೋಗಲು ಕಾಗದದ ಚೀಟಿಯನ್ನು ಪುಕ್ಕಟೆಯಾಗಿ ಕೊಡುತ್ತಿದ್ದರು. 2021ರಿಂದ ಅದರ ಜಾಗದಲ್ಲಿ ರೊಕ್ಕ ಕೊಟ್ಟು ಮೊಬೈಲಿನಲ್ಲಿಯೇ ಹೊತ್ತನ್ನು ಗೊತ್ತುಮಾಡಿಕೊಳ್ಳುವ ವ್ಯವಸ್ಥೆಯು ಬಂದಿತು. ಕಾಗದದ ಕಾಲದಲ್ಲಿ ಮೊಬೈಲು ಆರಿದವನು ಚಿತ್ರವನ್ನಷ್ಟೇ ಕಳೆದುಕೊಳ್ಳುತ್ತಿದ್ದನು. ಆಮೇಲೆ ಅವನು ತನ್ನ ಸರತಿಯನ್ನೂ ಕಳೆದುಕೊಳ್ಳುವನು. ಯಾವ ಕ್ಷಣದಲ್ಲಿ ಉದ್ಯಾನವು ತನ್ನ ಆಟಕ್ಕೆ, ತನ್ನ ತಿಂಡಿಗೆ, ತನ್ನ ಬಾಗಿಲಿಗೆ ಮೊಬೈಲನ್ನು ಅವಶ್ಯವೆಂದು ಮಾಡಿತೋ, ಆ ಕ್ಷಣದಿಂದ ಚಾರ್ಜೂ ವೈ-ಫೈಯೂ ದಾನಗಳಾಗಿ ಉಳಿಯಲಿಲ್ಲ. ಮೆಟ್ಟಿಲುಗಳನ್ನು ಕಟ್ಟಿದವನು ಕಟಾಂಜನವನ್ನು 'ಧರ್ಮಕ್ಕೆ ಕೊಟ್ಟೆ'ನೆಂದು ಹೇಳಿಕೊಳ್ಳಲಾರನು.

ಭಾರತದ ರೇಲ್ವೆ ನಿಲ್ದಾಣಗಳ ವೈ-ಫೈಯು 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಮೊದಲಾಯಿತು. 2021ರಲ್ಲಿ ರೇಲ್‌ಟೆಲ್ ಸಂಸ್ಥೆಯು ಅದಕ್ಕೆ ಶುಲ್ಕದ ಯೋಜನೆಗಳನ್ನು ತಂದಾಗ, ದಿನದ ಮೊದಲ 30 ನಿಮಿಷ 1 ಎಂಬಿಪಿಎಸ್ ವೇಗದಲ್ಲಿ ಉಚಿತ, ಮುಂದಕ್ಕೆ ರೊಕ್ಕ ಎಂದು ಗೊತ್ತುಮಾಡಿತು. ಕೆಲವರು ಇದನ್ನು ಜಿಪುಣತನವೆಂದಾರು. ಆದರೆ ಎಲ್ಲೆಯನ್ನು ಹೇಳಿ ಕೊಟ್ಟ ಅರ್ಧ ತಾಸು, ಎಲ್ಲೆಯಿಲ್ಲವೆಂದು ಸಾರಿ ಕೊಡದೆ ಇದ್ದ ಇಡೀ ದಿನಕ್ಕಿಂತ ಪ್ರಾಮಾಣಿಕವಾದದ್ದು. ಅರ್ಧ ತಾಸಿನಲ್ಲಿ ಏನು ಮಾಡಬಹುದೆಂಬದನ್ನು ಪ್ರಯಾಣಿಕನು ಲೆಕ್ಕ ಹಾಕಬಲ್ಲನು. ಅದು ಸಾಲದಿದ್ದರೆ ಬೇರೆ ಬಾವಿಗೆ ಇಳಿಯಬಲ್ಲನು.

ಹಾಗಾದರೆ ಉದ್ಯಾನದ ಒಡೆಯರು ಏನನ್ನು ಮಾಡಬೇಕು? ಸಾವಿರಾರು ಮಂದಿಗೆ ಸಾಲುವಷ್ಟು ಯಂತ್ರಗಳನ್ನು ನಿಲ್ಲಿಸುವದು ಸಣ್ಣ ಉದ್ಯಾನಗಳಿಗೆ ಆಗದ ಮಾತಿರಬಹುದು. ಆಗದ್ದನ್ನು ಮಾಡಿರೆಂದು ಯಾವ ನೀತಿಯೂ ಹೇಳದು. ಆದರೆ ಕೈಯಿಂದ ರೊಕ್ಕ ತೆಗೆದುಕೊಳ್ಳುವ ಒಂದು ಕಿಟಕಿ, ಚಾರ್ಜು ಹಚ್ಚಲು ನೆರಳಿನಲ್ಲಿ ಒಂದು ಹಲಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಎತ್ತರದ ಒಂದು ಕಂಬ, ತಪ್ಪಿಸಿಕೊಂಡವರು ಬಂದು ಕೂಡಲಿಕ್ಕೆ ಅದರ ಕೆಳಗೆ ಒಂದು ಕಟ್ಟೆ. ಇವಕ್ಕೆ ಬಹಳ ಬಂಡವಾಳ ಬೇಡ. ಅದಕ್ಕೂ ಮೊದಲು ಬಾಗಿಲಿನ ಫಲಕವನ್ನು ತಿದ್ದಬೇಕು: 'ರವಿವಾರ ಮತ್ತು ಹಬ್ಬದ ದಿವಸ ಮಧ್ಯಾಹ್ನದ ಮೇಲೆ ವೈ-ಫೈ ಸಿಗುವದು ಕಠಿಣ. ರೊಕ್ಕ ಕೈಯಲ್ಲಿರಲಿ. ಜೊತೆಯವರು ತಪ್ಪಿದರೆ ಕಂಬದ ಕೆಳಗೆ ನಿಲ್ಲಿರಿ.' ಇಂಥ ಫಲಕವನ್ನು ಹಾಕಿದರೆ ಬರುವ ಜನರು ಕಡಿಮೆಯಾದಾರೆಂದು ಒಡೆಯರಿಗೆ ಅಂಜಿಕೆಯಿರಬಹುದು. ಬನಹಟ್ಟಿಯ ಆ ನೇಕಾರನು ಮಾತ್ರ ಅದನ್ನು ಓದಿ, ನಾಲ್ಕು ನೋಟುಗಳನ್ನು ಒಳಗಿನ ಕಿಸೆಗೆ ಸೇರಿಸಿ, ತಾಯಿಗೆ ಕಂಬವನ್ನು ತೋರಿಸಿ, ಮಕ್ಕಳ ಕೈ ಹಿಡಿದುಕೊಂಡು ಒಳಗೆ ಹೋಗುವನು.